ರಾತ್ರಿ ಮಾತ್ರ ಉಬ್ಬಸ: ಇದು ಹೊಟ್ಟೆಯ ಕಿತಾಪತಿಯಾ?

ಪ್ರಶ್ನೆ: ದಾವಣಗೆರೆಯವನು, ವಯಸ್ಸು 46. ಹಗಲೆಲ್ಲ ಆರಾಮ. ಅಂಗಡಿ ಬಾಗಿಲು ಹಾಕಿ, ಹತ್ತೂವರೆಗೆ ಮಂಡಕ್ಕಿ-ಮಿರ್ಚಿ ತಿಂದು ಮಲಗಿದೆನೋ, ಎರಡು ಗಂಟೆಗೆ ಗಂಟಲಿಗೆ ಹುಳಿನೀರು, ಹಿಂದೆಯೇ ಕೆಮ್ಮು, ಸುಂಯ್ ಸುಂಯ್. ಇನ್‌ಹೇಲರ್ ಎಳೆದರೂ ಅರೆಬರೆ. ಅನ್ನನಾಳಕ್ಕೂ ಉಸಿರಿಗೂ ಏನ್ರೀ ಸಂಬಂಧ?

ಉತ್ತರ 1: ನನ್ನದೂ ಇದೇ ಕತೆ ಇತ್ತು. ಡಾಕ್ಟರ್ ಹೇಳಿದ್ದು: ಮೇಲೆ ಬಂದ ಆಮ್ಲದ ಹನಿ ಶ್ವಾಸನಾಳಕ್ಕೆ ಜಾರಬಹುದು. ಜಾರದಿದ್ದರೂ, ಎರಡು ನಾಳಕ್ಕೂ ವೇಗಸ್ ನರ ಒಂದೇ. ಅನ್ನನಾಳದಲ್ಲಿ ಉರಿದರೆ ಶ್ವಾಸನಾಳದಲ್ಲಿ ಬಿಗಿತ. ಉಬ್ಬಸಕ್ಕೆ ಅಂತ ಥಿಯೋಫಿಲಿನ್ ಮಾತ್ರೆ ನುಂಗ್ತಿದ್ದೀರಾ? ಅದು ಜಠರದ ಬಾಯಿಯ ಬಿಗಿಯನ್ನೇ ಸಡಿಲಿಸುತ್ತೆ, ಕೇಳಿ ನೋಡಿ. ನಾನು ಊಟ ಎಂಟಕ್ಕೆ ತಂದೆ, ಮಂಚದ ತಲೆಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟು 6 ಇಂಚು ಎತ್ತರಿಸಿದೆ. ದಿಂಬು ಪೇರಿಸಬೇಡಿ, ಹೊಟ್ಟೆ ಮಡಚಿ ಇನ್ನೂ ಕಷ್ಟ. (ಹೆಂಡತಿ ಮೊದಲ ವಾರ ಜಾರಿ ಜಾರಿ ಬೈದಳು.)

ಉತ್ತರ 2: ಹಾಗಂತ ಎಲ್ಲ ಆಸ್ತಮಾಕ್ಕೂ ಆ್ಯಸಿಡಿಟಿ ಮಾತ್ರೆ ಮದ್ದಲ್ಲ. 2009ರಲ್ಲಿ ಅಮೆರಿಕದಲ್ಲಿ ಹುಳಿತೇಗಿನ ಲಕ್ಷಣ ಅಷ್ಟಾಗಿ ಇಲ್ಲದ ಆಸ್ತಮಾ ರೋಗಿಗಳಿಗೆ 24 ವಾರ ಎಸೊಮೆಪ್ರಜೋಲ್ ಅನ್ನೋ ಆ್ಯಸಿಡಿಟಿ ಮಾತ್ರೆ ಕೊಟ್ಟು ನೋಡಿದರು, ಉಬ್ಬಸ ಕಮ್ಮಿಯಾಗಲಿಲ್ಲ. ನಿಮಗೆ ಲಕ್ಷಣ ಇದೆ, ತೋರಿಸಿ. ಇನ್‌ಹೇಲರ್ ಮಾತ್ರ ಬಿಡಬೇಡಿ.

ಪ್ರಶ್ನೆ ಕೇಳಿದವರು: ಥಿಯೋಫಿಲಿನ್ ಹೌದ್ರೀ, ರಾತ್ರಿದೇ! ಸೋಮವಾರ ಹೋಗಿ ಕೇಳ್ತೀನಿ. ಮಿರ್ಚಿ ಸಂಜೆ ಐದಕ್ಕೆ ತಿನ್ನಬಹುದಾ?