ಆಕ್ಸಿಡೆಂಟ್ ಪರಿಹಾರದಲ್ಲಿ ಲಾಯರಿಗೆ ಕಾಲು ಭಾಗ ಕೊಡಬೇಕಾ?

ಕೊಬ್ಬರಿಮಂಡಿ, ತಿಪಟೂರು:
ಮೂರು ತಿಂಗಳ ಹಿಂದೆ ಅಪ್ಪ ಮಂಡಿಯಿಂದ ಟಿವಿಎಸ್‌ನಲ್ಲಿ ಮನೆಗೆ ಬರುವಾಗ ಬಿ.ಎಚ್. ರಸ್ತೆಯಲ್ಲಿ ಟೆಂಪೋ ಗುದ್ದಿತು. ಬಲಗಾಲು ಎರಡು ಕಡೆ ಮುರಿದು ರಾಡ್ ಹಾಕಿದ್ದಾರೆ. ಆಸ್ಪತ್ರೆ ಬಿಲ್ಲು 2 ಲಕ್ಷ 60 ಸಾವಿರ. ಎಫ್‌ಐಆರ್ ಆಗಿದೆ, ಟೆಂಪೋಗೆ ಇನ್ಶೂರೆನ್ಸ್ ಇದೆ.

ಅಪ್ಪ ಇನ್ನೂ ವಾರ್ಡಿನಲ್ಲಿದ್ದಾಗಲೇ ಒಬ್ಬ ಲಾಯರ ಕಡೆಯವರು ಹುಡುಕಿಕೊಂಡು ಬಂದರು. "ನಿಮ್ಮ ಕೈಯಿಂದ ಒಂದು ಪೈಸೆ ಬೇಡ, ಖರ್ಚೆಲ್ಲ ನಮ್ಮದು. ದುಡ್ಡು ಬಂದ ಮೇಲೆ ಕಾಲು ಭಾಗ ಕೊಡಿ" ಅಂದರು. ಈಗ ವಕಾಲತ್ತಿಗೆ ಸಹಿ ಹಾಕುವ ಹೊತ್ತಿಗೆ ಅಪ್ಪನ ಸಹಿ ಇರುವ ಎರಡು ಖಾಲಿ ಚೆಕ್ಕೂ ಬೇಕಂತೆ. ಅಪ್ಪ ಮಲಗಿದಲ್ಲೇ "ಕಾಲು ಮುರಿದವನ ಹತ್ರ ಕಾಲು ಕೇಳ್ತಾನಲ್ಲೋ" ಅಂತ ನಗುತ್ತಾರೆ. ನನಗೆ ನಗು ಬರುತ್ತಿಲ್ಲ. ಎಲ್ಲ ಕಡೆ ಹೀಗೇನಾ?

ಮಂಜು, ನ್ಯೂಜೆರ್ಸಿ:
ಇಲ್ಲಿ ಅದೇ ಪದ್ಧತಿ, ಕಾನೂನುಬದ್ಧ. ನನ್ನ ಕಾರಿಗೆ ಹಿಂದಿನಿಂದ ಗುದ್ದಿದಾಗ ನಾನೂ ಹಾಗೇ ಲಾಯರ್ ಹಿಡಿದೆ. ಆದರೆ ಬರಹದಲ್ಲಿ ಒಪ್ಪಂದ ಇರಲೇಬೇಕು. ಮೊದಲ 7.5 ಲಕ್ಷ ಡಾಲರ್‌ವರೆಗೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಅದೂ ಕೇಸಿನ ಖರ್ಚು ಕಳೆದು ಉಳಿದದ್ದರಲ್ಲಿ. ಖಾಲಿ ಚೆಕ್ ಅಂತೂ ಯಾರೂ ಕೇಳಲಿಲ್ಲ ಮಾರಾಯ.

ಜೂನಿಯರ್_ಹಾಸನ:
ನಾನು ಎಂವಿಸಿ ಕೇಸು, ಅಂದರೆ ವಾಹನ ಅಪಘಾತದ ಪರಿಹಾರದ ಕೇಸು ನೋಡುವ ಲಾಯರ್ ಆಫೀಸಿನಲ್ಲೇ ಇದ್ದೇನೆ. ನಮ್ಮವರು ಬೈದರೆ ಬೈಯಲಿ. ಅಮೆರಿಕದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗೆದ್ದರೆ ಇಷ್ಟು ಅಂತ ಫೀಸು ಮಾತಾಡುವುದು, ಬಂದ ಹಣದಲ್ಲಿ ಪಾಲು ಕೇಳುವುದು, ಎರಡನ್ನೂ ಲಾಯರುಗಳಿಗೆ ನಿಯಮ ಮಾಡುವ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 20ನೇ ನಿಯಮ ಬೇಡ ಅನ್ನುತ್ತದೆ. ವಾರ್ಡಿಗೆ ಬಂದು ಕೇಸು ಹಿಡಿಯುವುದೂ ತಪ್ಪೇ.

ಆದರೂ ನಡೆಯುತ್ತದೆ. ಯಾಕೆಂದರೆ ಬಡವರ ಹತ್ತಿರ ಮೊದಲೇ ಕೊಡಲು ದುಡ್ಡಿರುವುದಿಲ್ಲ. ಎಷ್ಟು ಪರ್ಸೆಂಟ್ ಅಂಗವೈಕಲ್ಯ ಅಂತ ಹೇಳಲು ಡಾಕ್ಟರು ಸಾಕ್ಷಿಗೆ ಬರಬೇಕು. ಅವರ ಖರ್ಚನ್ನು ಯಾರಾದರೂ ಹಾಕಲೇಬೇಕಲ್ವಾ?

ಇನ್ನು ಚೆಕ್ ವಿಷಯ. ಪರಿಹಾರ ನಿಮ್ಮ ತಂದೆಯ ಖಾತೆಗೇ ಬೀಳುತ್ತದೆ. ಅದರಿಂದ ತಮ್ಮ ಪಾಲು ತೆಗೆದುಕೊಳ್ಳುವುದಕ್ಕೇ ಖಾಲಿ ಚೆಕ್ ಕೇಳುವುದು. 2017ರಲ್ಲಿ ಸುಪ್ರೀಂ ಕೋರ್ಟಿಗೆ ಇಂಥದ್ದೇ ಕೇಸು ಹೋಗಿತ್ತು, ಬಿ. ಸುನೀತಾ ಕೇಸು. ಗಂಡ ಅಪಘಾತದಲ್ಲಿ ತೀರಿಕೊಂಡಿದ್ದ ಹೆಂಗಸು. 10 ಲಕ್ಷ ಫೀಸು ಕೊಟ್ಟ ಮೇಲೂ ಲಾಯರು 3 ಲಕ್ಷದ ಚೆಕ್ ಬರೆಸಿಕೊಂಡರು. ಅದು ಬೌನ್ಸ್ ಆದಾಗ ಆಕೆಯ ಮೇಲೇ ಕ್ರಿಮಿನಲ್ ಕೇಸು. ಕೋರ್ಟು ಅದನ್ನು ರದ್ದು ಮಾಡಿತು. ಪರ್ಸೆಂಟ್ ಲೆಕ್ಕದ ಫೀಸನ್ನೇ ಒಪ್ಪಲಿಲ್ಲ.

ಫೀಸು ಇಂತಿಷ್ಟು ಅಂತ ಮೊದಲೇ ಬರೆಸಿಕೊಳ್ಳಿ, ಕೊಟ್ಟಿದ್ದಕ್ಕೆ ರಸೀದಿ ಇರಲಿ. ಒಪ್ಪದಿದ್ದರೆ ಬೇರೆಯವರನ್ನು ನೋಡಿ. ಫೀಸು ಬಾಕಿ ಅಂತ ಫೈಲು ಹಿಡಿದಿಟ್ಟುಕೊಳ್ಳುವ ಹಕ್ಕು ಲಾಯರಿಗಿಲ್ಲ. 2000ದಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ತಡ ಮಾತ್ರ ಮಾಡಬೇಡಿ. ಅಪಘಾತವಾದ ಆರು ತಿಂಗಳೊಳಗೆ ಪರಿಹಾರಕ್ಕೆ ಅರ್ಜಿ ಹಾಕಬೇಕು ಅಂತ 2022ರ ಏಪ್ರಿಲ್‌ನಿಂದ ಆಗಿದೆ. ಅದರ ಮೇಲೆ ಕೋರ್ಟಿನಲ್ಲಿ ತಕರಾರು ನಡೆದಿದೆ, ಆದರೆ ಅದನ್ನು ನಂಬಿ ಕೂರಬೇಡಿ. ಮೂರು ತಿಂಗಳು ಆಗಲೇ ಹೋಯಿತು.

ಶೈಲಾ, ಮಂಡ್ಯ:
ನಮ್ಮಮ್ಮನ ಕೇಸಿಗೆ ನಾವು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋದೆವು. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಲಾಯರ್ ಉಚಿತ. ಅಂಗವಿಕಲರಿಗೂ, ಎಸ್‌ಸಿ, ಎಸ್‌ಟಿಯವರಿಗೂ ಅಷ್ಟೇ. ನಿಮ್ಮ ತಂದೆಗೆ ಸಿಗುತ್ತದಾ ಅಂತ 15100ಕ್ಕೆ ಫೋನ್ ಮಾಡಿ ಕೇಳಿ. ನಮ್ಮ ಲಾಯರು ಎರಡು ಸಲ ವಾಯಿದೆಗೆ ಬರಲಿಲ್ಲ, ಸುಳ್ಳು ಹೇಳಲ್ಲ. ಮೂರನೇ ಸಲ ನಾನೇ ಬೆಳಿಗ್ಗೆ ಅವರ ಮನೆ ಬಾಗಿಲಲ್ಲಿ ನಿಂತಿದ್ದೆ.

ಕೊಬ್ಬರಿಮಂಡಿ, ತಿಪಟೂರು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಆಫೀಸಿಗೆ ಹೋಗಿ ಚೆಕ್ ಕೊಡಲ್ಲ ಅಂದೆ. "ಹಾಗಾದ್ರೆ ಕೇಸು ಬೇಡ" ಅಂದರು. ವೂಂಡ್ ಸರ್ಟಿಫಿಕೇಟು, ಬಿಲ್ಲುಗಳನ್ನು ಎಣಿಸಿಕೊಂಡು ವಾಪಸ್ ತಂದಿದ್ದೇನೆ. ಸೋಮವಾರ ಸಮಿತಿ ಆಫೀಸಿಗೆ ಹೋಗುತ್ತೇನೆ. ಚೆಕ್ ಬುಕ್ಕನ್ನು ಅಮ್ಮ ಅಕ್ಕಿ ಡಬ್ಬದಲ್ಲಿ ಹೂತಿಟ್ಟಿದ್ದಾಳೆ.