ಕೃಷಿ ಹೊಂಡ: ಸಬ್ಸಿಡಿಗೆ ಕಾಯಬೇಕಾ, ಕೈಯಿಂದ ಹಾಕಿ ಮಾಡಿಸಬೇಕಾ? ಅನುಭವ ಹೇಳಿ

ಕೇಳಿದವರು (ಚಳ್ಳಕೆರೆ ತಾಲೂಕು): ಮಳೆ ನಂಬಿದ 3 ಎಕರೆ, ಕಡಲೆಕಾಯಿ ಮತ್ತು ತೊಗರಿ. ಪಹಣಿ (ಜಮೀನಿನ ದಾಖಲೆ) ನನ್ನ, ಅಣ್ಣನ ಹೆಸರಲ್ಲಿ ಜಂಟಿಯಾಗಿದೆ. ರಾಜ್ಯ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಮಳೆ ನೀರು ಹಿಡಿದಿಡೋ ಹೊಂಡಕ್ಕೆ ಅರ್ಜಿ ಹಾಕಲಾ? ಮಾಡಿಸಿದವರು ಹೇಳಿ.

ಹಿರಿಯೂರು ರೈತ: ನಾನು 2016ರಲ್ಲಿ ಮಾಡಿಸಿದೆ. 80 ಪರ್ಸೆಂಟ್ ಸಬ್ಸಿಡಿ ಅಂದರು. ಆದರೆ ಅಗೆಸುವ ದುಡ್ಡು ಮೊದಲು ನಮ್ಮ ಜೇಬಿಂದಲೇ ಹೋಗಬೇಕು. ನೂರಕ್ಕೆ 3 ರೂಪಾಯಿ ಬಡ್ಡಿಗೆ ತಂದೆ. ದೀಪಾವಳಿಗೆ ಹೊಂಡ ಆಯ್ತು, ಫೋಟೊನೂ ತೆಗೆದುಕೊಂಡು ಹೋದರು. ಹಣ ಬಂದಿದ್ದು ಯುಗಾದಿ ದಾಟಿದ ಮೇಲೆ. ಸಬ್ಸಿಡಿಯ ಒಂದು ಪಾಲು ಬಡ್ಡಿಗೇ ಹೋಯ್ತು. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಶಿರಾದಿಂದ: ಅದಕ್ಕೇ ನಾನು ಯಾರ ಬಾಗಿಲಿಗೂ ಹೋಗಲಿಲ್ಲ. 12 ಮೀಟರ್ ಉದ್ದ, 12 ಅಗಲ, 3 ಆಳ. ಜೆಸಿಬಿ ಗಂಟೆಗೆ 1,200. ಅರ್ಧಕ್ಕೆ ಗಟ್ಟಿ ಸುದ್ದೆಮಣ್ಣು ಸಿಕ್ಕಿ ಆ ಬಾಬ್ತೇ 16,800 ಆಯ್ತು. ನೀರು ಇಂಗದ ಹಾಗೆ ಹಾಸೋ 500 ಮೈಕ್ರಾನ್ ಪ್ಲಾಸ್ಟಿಕ್ ಹಾಳೆಗೆ 29,000. ಕಲ್ಲುಕಂಬ, ಮುಳ್ಳುತಂತಿ, ಕೂಲಿ ಸೇರಿ 14,500. ಎರಡನೇ ವರ್ಷ ಅಂಚಿನಲ್ಲಿ ಇಲಿ ಕಡಿದು ನೀರೆಲ್ಲ ಇಂಗಿತು, ತೇಪೆಗೆ ಮತ್ತೆ 2,300. ಆದರೂ ಆಗಸ್ಟಲ್ಲಿ ಮಳೆ ಕೈಕೊಟ್ಟಾಗ ಕಡಲೆಕಾಯಿ ಹೂವು, ಊಡು (ಮಣ್ಣಿಗಿಳಿದು ಕಾಯಿ ಕಟ್ಟೋ ಎಳೆ) ಬಿಡೋ ಹೊತ್ತಿಗೆ ಎರಡು ಸಲ ಸ್ಪ್ರಿಂಕ್ಲರ್ ಬಿಟ್ಟೆ. ಪಕ್ಕದ ಹೊಲ ಒಣಗಿತು, ನನ್ನದು ಉಳಿಯಿತು. ದುಡ್ಡಿದ್ದರೆ ಸುಮ್ನೆ ಕಾಯಬೇಡಿ.

ಪಾವಗಡ: "ದುಡ್ಡಿದ್ದರೆ" ಅಂತ ಸುಲಭವಾಗಿ ಹೇಳಿಬಿಟ್ಟಿರಲ್ಲ ಸ್ವಾಮಿ. ಇಲ್ಲದವರು ಏನು ಮಾಡಬೇಕು? ನಾವು ಪರಿಶಿಷ್ಟ ಜಾತಿಯವರು, ನಮಗೆ 90 ಪರ್ಸೆಂಟ್. ಸಬ್ಸಿಡಿ ಇಲ್ಲದೆ ನಮ್ಮಪ್ಪನ ಕಾಲಕ್ಕೂ ನನ್ನ ಕಾಲಕ್ಕೂ ಹೊಂಡ ಆಗ್ತಿರಲಿಲ್ಲ. ಎಫ್‌ಐಡಿಗೆ (ರೈತರ ಗುರುತಿನ ಸಂಖ್ಯೆಗೆ) ಎಲ್ಲ ಸರ್ವೆ ನಂಬರ್ ಸೇರಿಸಿಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋದೆ, ಕೆಲಸ ಆಯ್ತು. ಬೇಲಿ ಮಾತ್ರ ಬಿಡಬೇಡಿ. ಹಾಳೆ ಮೇಲೆ ಕಾಲಿಟ್ಟರೆ ಜಾರುತ್ತೆ, ಮಕ್ಕಳು ಬಿದ್ದರೆ ಮೇಲೆ ಬರೋಕೆ ಆಗಲ್ಲ.

ಶಿರಾದಿಂದ: ನಾನೂ ಸಾಹುಕಾರ ಅಲ್ಲ. ಎರಡು ಎಮ್ಮೆ ಮಾರಿದ್ದೀನಿ. ಗೊತ್ತಿಲ್ಲದೆ ಮಾತಾಡಬೇಡಿ.

ಪಾವಗಡ: ಮಾರೋಕೆ ಎಮ್ಮೆ ಇತ್ತಲ್ವಾ? ನಾನು ಹೇಳಿದ್ದೂ ಅದನ್ನೇ.

ಜಗಳೂರು: ನಾವು ನರೇಗಾದಲ್ಲಿ (ಉದ್ಯೋಗ ಖಾತರಿ ಯೋಜನೆ) ಶುರು ಮಾಡಿದ್ವಿ. ಆದರೆ ಜೆಸಿಬಿ ಹಾಕುವಂತಿರಲಿಲ್ಲ, ಕೂಲಿಯವರೇ ಅಗೆಯಬೇಕಿತ್ತು. ನಮ್ಮ ಕಡೆ ಕೆಳಗೆ ಬಂಡೆ, ಅರ್ಧಕ್ಕೇ ನಿಂತಿದೆ.

ಮೊಳಕಾಲ್ಮುರು: ಸರ್ಕಾರದ ದುಡ್ಡು ಕೈಗೆ ಬಂದರೆ ತಾನೇ. 2023ರ ಬರಕ್ಕೆ 2024ರಲ್ಲಿ ಪರಿಹಾರ ಬಂತು. ಒಣ ಬೇಸಾಯಕ್ಕೆ ಹೆಕ್ಟೇರಿಗೆ 8,500, ಅದರಲ್ಲಿ ಮೊದಲು ಕೊಟ್ಟ 2,000 ಕಳೆದು. ಬಂದ ದಿನವೇ ಬ್ಯಾಂಕಿನವರು ಬೆಳೆ ಸಾಲಕ್ಕೆ ಜಮಾ ಮಾಡಿಕೊಂಡರು. ಹಾಗೆ ಮಾಡಬಾರದು ಅಂತ ಸರ್ಕಾರವೇ ಹೇಳಿತ್ತು! ಮ್ಯಾನೇಜರ್ ಮುಖ ಎತ್ತಿಯೂ ನೋಡಲಿಲ್ಲ.

ಹಿರಿಯೂರು ರೈತ: ಸಾಲ ತಗೊಂಡ ಮೇಲೆ ಕಟ್ಟಬೇಕಲ್ಲ?

ಮೊಳಕಾಲ್ಮುರು: ಬೆಳೆ ಹೋದದ್ದಕ್ಕೆ ಕೊಟ್ಟ ಹಣ ಅದು ಅಣ್ಣ! ಬಡ್ಡಿ ಬಗ್ಗೆ ಅಷ್ಟು ನೊಂದ ನೀವೇ ಹೀಗೆ ಹೇಳಿದರೆ ಹೇಗೆ?

ಕೂಡ್ಲಿಗಿ: ಪಿಎಂ ಕಿಸಾನ್ ಕಥೆನೂ ಕೇಳಿ. ನಾನು 2021ರಲ್ಲಿ ಕಷ್ಟಪಟ್ಟು 2 ಎಕರೆ ಕೊಂಡೆ. ವರ್ಷಕ್ಕೆ 6,000 ನನಗಿಲ್ಲ. 2019ರ ಫೆಬ್ರವರಿ 1ರ ನಂತರ ಕೊಂಡವರಿಗೆ ಕೊಡಲ್ಲವಂತೆ. ಅಪ್ಪ ತೀರಿಕೊಂಡು ಆಸ್ತಿ ತಮ್ಮ ಹೆಸರಿಗೆ ಪೌತಿ ಖಾತೆ ಆದವರಿಗೆ ಉಂಟು. ಊರಲ್ಲಿ ಗುತ್ತಿಗೆಗೆ ಕೊಟ್ಟು ಬೆಂಗಳೂರಲ್ಲಿ ಕೂತವರಿಗೆ ಬರುತ್ತೆ, ಉಳುವ ನನಗಿಲ್ಲ.

ಶಿರಾದಿಂದ: ಬೆಂಗಳೂರಲ್ಲಿ ಇರೋರೆಲ್ಲ ಕಳ್ಳರಲ್ಲ. ನನ್ನ ತಮ್ಮ ಅಲ್ಲಿ ದುಡಿದು ಕಳಿಸಿದ್ದಕ್ಕೇ ನನ್ನ ಬೇಲಿ ಆಗಿದ್ದು.

ಕೇಳಿದವರು: ಜಂಟಿ ಪಹಣಿ ವಿಷಯ ಯಾರಾದರೂ ಹೇಳಿ. ಅಣ್ಣ ಸಹಿ ಹಾಕಲ್ಲ ಅಂತಿದ್ದಾನೆ.

ಪಾವಗಡ: ನಮ್ಮದೂ ಜಂಟಿಯೇ ಇತ್ತು. ಚಿಕ್ಕಪ್ಪನ ಒಪ್ಪಿಗೆ ಪತ್ರ ಕೇಳಿದರು. ಮೊದಲು ಪೋಡಿ (ಅಳತೆ ಮಾಡಿಸಿ ಪಾಲು ಬೇರೆ ಮಾಡೋದು) ಮಾಡಿಸಿಕೊಳ್ಳಿ, ಇಲ್ಲವಾದರೆ ಹೊಂಡ ಯಾರ ಪಾಲಿಗೆ ಬಂತು ಅಂತ ನಾಳೆ ಕೋರ್ಟಿಗೆ ಹೋಗ್ತೀರ.