ಮರ ಕಡೆಯಲು ಹೊಸಬರಿಗೆ ಉಳಿಗಳು: ₹9,000ದೊಳಗೆ ಏನು ಕೊಳ್ಳಬಹುದು?

ನವೀನ್, ತುಮಕೂರು

ನಮಸ್ಕಾರ. ಮರವನ್ನು ತಿರುಗಿಸಿ ಕಡೆಯುವ, ಅರ್ಧ ಎಚ್‌ಪಿ ಮೋಟಾರಿನ ಚಿಕ್ಕ ಲೇತ್ ಯಂತ್ರ ಇದೆ. ಎರಡು ತುದಿಗಳ ನಡುವೆ 16 ಇಂಚು ಉದ್ದದ ಮರ ಕೂರುತ್ತೆ, 10 ಇಂಚು ಅಗಲದ್ದು ತಿರುಗುತ್ತೆ. ಮೊದಲು ಬುಗುರಿ, ಲಟ್ಟಣಿಗೆ, ಕಡಗೋಲು, ಉಳಿಯ ಹಿಡಿ ಇಂಥವು ಮಾಡಬೇಕು. ಬಟ್ಟಲು ಆಮೇಲೆ. ಉಳಿ, ಸಾಣೆ ಎಲ್ಲಾ ಸೇರಿ ₹9,000 ತೆಗೆದಿಟ್ಟಿದ್ದೇನೆ. ಗ್ರೈಂಡರ್ ಇಲ್ಲ. ಆನ್‌ಲೈನ್‌ನಲ್ಲಿ ಎಂಟು ಉಳಿಗಳ ಸೆಟ್ ಅಗ್ಗಕ್ಕೆ ಸಿಗುತ್ತಿದೆ, ಅದನ್ನೇ ಕೊಳ್ಳಲೇ? ಕಾರ್ಬೈಡ್ ತುದಿಯ ಉಳಿ ಆದರೆ ಸಾಣೆ ಹಿಡಿಯುವ ತಾಪತ್ರಯವೇ ಇಲ್ಲ ಅಂತಾರೆ, ನಿಜವೇ?

ಸುಧೀಂದ್ರ

ಎಂಟರ ಸೆಟ್ ಬೇಡ. ನೀವು ಹೇಳಿದ ಕೆಲಸಕ್ಕೆ ನಾಲ್ಕೇ ಉಳಿ ಸಾಕು. ಸೆಟ್‌ನಲ್ಲಿ ಉಳಿದ ನಾಲ್ಕು ಡಬ್ಬಿಯಲ್ಲೇ ಕೂತಿರುತ್ತವೆ.

ಮೊದಲು ಗ್ರೈಂಡರ್‌ಗೆ ದುಡ್ಡು ತೆಗೆದಿಡಿ. ಮೊಂಡು ಉಳಿ ಮರವನ್ನು ಕೊಯ್ಯುವುದಿಲ್ಲ, ಉಜ್ಜುತ್ತೆ. ಆಗ ಕೈ ತಾನಾಗಿ ಜೋರಾಗಿ ಒತ್ತುತ್ತೆ, ಒತ್ತಿದಾಗಲೇ ಉಳಿ ಮರಕ್ಕೆ ಸಿಕ್ಕಿಕೊಂಡು ಎಗರುವುದು. ಹೊಸಬರು ಲೇತ್ ಸರಿಯಿಲ್ಲ, ಮರ ಸರಿಯಿಲ್ಲ ಅಂದುಕೊಳ್ಳುವ ತೊಂದರೆಗಳಲ್ಲಿ ಬಹುಪಾಲು ಸಾಣೆಯದ್ದು. 6 ಇಂಚಿನ ಸಾಮಾನ್ಯ ಬೆಂಚ್ ಗ್ರೈಂಡರ್ ಸಾಕು. ಜೊತೆಗೆ ಬರುವ ಬೂದು ಬಣ್ಣದ ಕಲ್ಲು ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಉಳಿಗೆ ತುಂಬಾ ಗಟ್ಟಿ: ಬೇಗ ಮೇಣದಂತೆ ನುಣುಪಾಗಿ, ಕೊರೆಯದೆ ಬರೀ ಬಿಸಿ ಮಾಡುತ್ತೆ. ಒಂದು ಬದಿಗೆ ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲು, 80 ಗ್ರಿಟ್ (ಕಾಳು ಎಷ್ಟು ಒರಟು ಅನ್ನುವ ಅಳತೆ), ಹಾಕಿಸಿ. ಕೊಳ್ಳುವ ಮುಂಚೆ ನಿಮ್ಮ ಗ್ರೈಂಡರ್‌ನ ಶಾಫ್ಟ್ ದಪ್ಪ ಅಳೆದುಕೊಂಡು ಹೋಗಿ, ಕಲ್ಲಿನ ತೂತು ಅದಕ್ಕೆ ಹೊಂದಬೇಕು. ಕಲ್ಲನ್ನು ಬೆರಳಿಗೆ ತೂಗುಹಾಕಿ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಠಣ್ ಅಂದರೆ ಸರಿ. ಒಡಕು ಸದ್ದು ಬಂದರೆ ಒಳಗೆ ಬಿರುಕಿದೆ, ಹಾಕಲೇಬೇಡಿ.

ನಾಲ್ಕು ಉಳಿಗಳು: ಮುಕ್ಕಾಲು ಇಂಚಿನ ರಫಿಂಗ್ ಗೌಜ್ (ಗೌಜ್ ಅಂದರೆ ದೋಣಿಯಂತೆ ತಗ್ಗಿರುವ ಉಳಿ; ಇದು ಚೌಕ ತುಂಡನ್ನು ಗುಂಡಗೆ ಮಾಡಲು), 3 ಸೂತ್‌ನ ಸ್ಪಿಂಡಲ್ ಗೌಜ್ (ಒಂದು ಸೂತ್ ಅಂದರೆ ಇಂಚಿನ ಎಂಟನೇ ಒಂದು ಭಾಗ; ಇದು ಉಬ್ಬು, ತಗ್ಗು, ಬುಗುರಿಯ ಮೈಗೆ), ಮುಕ್ಕಾಲು ಇಂಚಿನ ಸ್ಕ್ಯೂ (ಅಂಚು ಓರೆಯಾಗಿರುವ ಚಪ್ಪಟೆ ಉಳಿ, ಮೈ ನುಣುಪು ಮಾಡಲು), 1 ಸೂತ್‌ನ ಪಾರ್ಟಿಂಗ್ ಉಳಿ (ಕತ್ತರಿಸಿ ಬೇರ್ಪಡಿಸಲು). ಎಲ್ಲವೂ ಎಚ್‌ಎಸ್‌ಎಸ್ ಇರಲಿ. ಅಂಗಡಿಯವರ ಮಾತಿನ ಮೇಲೆ ಬಿಡಬೇಡಿ, ಗ್ರೈಂಡರ್‌ಗೆ ಮುಟ್ಟಿಸಿ ನೋಡಿ. ಕಾರ್ಬನ್ ಸ್ಟೀಲ್ ಆದರೆ ಬೆಳ್ಳಗೆ ಹಳದಿಯ ಕಿಡಿ ಸುರುಸುರುಬತ್ತಿಯಂತೆ ಒಡೆದು ಚೆಲ್ಲುತ್ತೆ. ಎಚ್‌ಎಸ್‌ಎಸ್ ಕಿಡಿ ಕೆಂಪಗೆ, ಮಂಕಾಗಿ, ಹೆಚ್ಚು ಕವಲೊಡೆಯದೆ ಬರುತ್ತೆ. ಕಾರ್ಬನ್ ಸ್ಟೀಲ್ ಕೆಟ್ಟದ್ದಲ್ಲ, ಹರಿತ ಚೆನ್ನಾಗೇ ಬರುತ್ತೆ. ಆದರೆ ಸಾಣೆ ಹಿಡಿಯುವಾಗ ತುದಿ ನೀಲಿಯಾಯಿತೆಂದರೆ ಹದ ಹೋಯಿತು, ಆ ನೀಲಿ ಭಾಗವನ್ನೆಲ್ಲ ಸವೆಸಿ ತೆಗೆಯಬೇಕು. ಎಚ್‌ಎಸ್‌ಎಸ್ ಆ ಬಿಸಿ ತಡೆಯುತ್ತೆ.

ಓರೆಯ (ಅಂಚಿನ ಹಿಂದೆ ಸಾಣೆ ಹಿಡಿದ ಇಳಿಜಾರು ಮುಖದ) ಕೋನ: ರಫಿಂಗ್ ಗೌಜ್ 45 ಡಿಗ್ರಿ, ಸ್ಪಿಂಡಲ್ ಗೌಜ್ 35ರಿಂದ 40, ಸ್ಕ್ಯೂ ಎರಡೂ ಬದಿ ಸೇರಿ 35ರ ಆಸುಪಾಸು. ಗ್ರೈಂಡರ್ ಜೊತೆ ಬರುವ, ಉಳಿ ಆನಿಸುವ ರೆಸ್ಟ್ ಅಲ್ಲಾಡುತ್ತೆ. ಅದನ್ನು ಬಿಚ್ಚಿ, 18 ಮಿ.ಮೀ. ಪ್ಲೈವುಡ್‌ನಲ್ಲಿ ಕೋನ ಬದಲಿಸಬಹುದಾದ ಒಂದು ಪುಟ್ಟ ಮೇಜು ಮಾಡಿಕೊಳ್ಳಿ. ಓರೆಗೆ ಮಾರ್ಕರ್ ಬಳಿದು, ಗ್ರೈಂಡರ್ ಆಫ್ ಇಟ್ಟು, ಕಲ್ಲನ್ನು ಕೈಯಿಂದ ತಿರುಗಿಸಿ. ಮಸಿ ಹಿಮ್ಮಡಿಯಿಂದ (ಓರೆಯ ಹಿಂದಿನ ಕೊನೆಯಿಂದ) ತುದಿಯವರೆಗೂ ಅಳಿಸಿದರೆ ಕೋನ ಸರಿ. ತುದಿಯಲ್ಲಷ್ಟೇ ಅಳಿಸಿದರೆ ಮೇಜನ್ನು ಇನ್ನಷ್ಟು ಸರಿಹೊಂದಿಸಿ. ಸಾಣೆ ಹಿಡಿಯುವಾಗ ಕಿಡಿ ಅಂಚಿನ ಮೇಲುಗಡೆ ಹರಿಯತೊಡಗಿದ ಕೂಡಲೇ ನಿಲ್ಲಿಸಿ, ಅಲ್ಲಿಂದ ಮುಂದೆ ಸವೆಯುವುದು ನಿಮ್ಮ ದುಡ್ಡು.

ಸವಿತಾ ಮೈಸೂರು

ಕಾರ್ಬೈಡ್ ಪ್ರಶ್ನೆಗೆ: ಸಾಣೆ ಬೇಡ ಅನ್ನುವುದು ಹೆಚ್ಚುಕಡಿಮೆ ನಿಜ, ಆದರೆ ಅದು ಕೆರೆಯುವ ಉಳಿ, ಕೊಯ್ಯುವ ಉಳಿಯಲ್ಲ. ಗಟ್ಟಿ ಮರದಲ್ಲಿ ಚೆನ್ನಾಗಿ ಬರುತ್ತೆ. ಸಿಲ್ವರ್ ಓಕ್, ಮಾವಿನಂಥ ಮರದಲ್ಲಿ ನಾರು ಕಿತ್ತು ಬಂದು ಮೈ ತರಿತರಿ ಆಗುತ್ತೆ, ಆಮೇಲೆ 80 ಗ್ರಿಟ್‌ನಿಂದ ಉಜ್ಜುತ್ತಾ ಕೂರಬೇಕು.

ಸಿದ್ಧ ಕಾರ್ಬೈಡ್ ಉಳಿಗೆ ದುಡ್ಡು ಸುರಿಯಬೇಡಿ, ಇನ್ಸರ್ಟ್ (ತುದಿಗೆ ಸ್ಕ್ರೂನಿಂದ ಬಿಗಿಯುವ ಕಾರ್ಬೈಡ್ ಬಿಲ್ಲೆ) ಮಾತ್ರ ತರಿಸಿ ಮನೆಯಲ್ಲೇ ಮಾಡಬಹುದು. 12 ಮಿ.ಮೀ. ಚೌಕದ ಎಂಎಸ್ (ಮೆದು ಉಕ್ಕು, ಮೈಲ್ಡ್ ಸ್ಟೀಲ್) ಸರಳು, ಒಂದಡಿ. ತುದಿಯಲ್ಲಿ ಇನ್ಸರ್ಟ್ ಕೂರುವಷ್ಟು ಜಾಗವನ್ನು ಫೈಲ್‌ನಿಂದ (ಅರದಿಂದ) ಸಮತಟ್ಟಾಗಿ ತಗ್ಗಿಸಿ. ತಟ್ಟಾಗಿಲ್ಲದಿದ್ದರೆ ಸ್ಕ್ರೂ ಬಿಗಿದಾಗ ಕಾರ್ಬೈಡ್ ಗಾಜಿನಂತೆ ಸೀಳುತ್ತೆ. ಎಂ4 ಸ್ಕ್ರೂ ಆದರೆ 3.3 ಮಿ.ಮೀ. ಡ್ರಿಲ್ ಹಾಕಿ ಟ್ಯಾಪ್ ಮಾಡಿ (ತೂತಿನೊಳಗೆ ಸ್ಕ್ರೂ ಮರೆ ಕೊರೆಯಿರಿ). ಇನ್ಸರ್ಟ್‌ನ ಕೆಳಗೆ ಸರಳಿನ ಮೂತಿಯನ್ನು ಒಳಕ್ಕೆ ಓರೆಯಾಗಿ ಸವೆಸಿ. ಇದನ್ನು ಮರೆತರೆ ಸರಳೇ ಮರಕ್ಕೆ ತಾಗಿ, ಅಂಚು ಮರ ಮುಟ್ಟುವುದೇ ಇಲ್ಲ. ಬಳಸುವಾಗ ಉಳಿ ನೆಲಕ್ಕೆ ಸಮನಾಗಿ, ಅಂಚು ಮರದ ನಟ್ಟನಡುವಿನ ಎತ್ತರಕ್ಕೆ ಇರಲಿ. ಚೌಕ ಇನ್ಸರ್ಟ್ ಆದರೆ ಒಂದು ಅಂಚು ಮೊಂಡಾದಾಗ ತಿರುಗಿಸಿ, ನಾಲ್ಕು ಅಂಚು ಸಿಗುತ್ತವೆ.

ಇನ್ನೊಂದು ಅಗ್ಗದ ದಾರಿ: ಕಬ್ಬಿಣದ ಲೇತ್‌ಗೆ ಮಾರುವ ಎಚ್‌ಎಸ್‌ಎಸ್ ಟೂಲ್ ಬಿಟ್. 10 ಮಿ.ಮೀ. ದುಂಡನೆಯದು, 6 ಇಂಚು ಉದ್ದದ್ದು ತಂದು, ಎರಡು ಇಂಚು ಹಿಡಿಯೊಳಗೆ ಹೂತು, ತುದಿಗೆ ಮೂರು ಮುಖದ ಮೊನೆ ಸಾಣೆ ಹಿಡಿದರೆ ಗೆರೆ ಕೊರೆಯಲು, ಬುಗುರಿಗೆ ದಾರ ಕೂರುವ ಗೀರು ತೆಗೆಯಲು ಬಲು ಅನುಕೂಲ. ಚೌಕದ ಬಿಟ್‌ನಲ್ಲಿ ಪಾರ್ಟಿಂಗ್ ಉಳಿಯೂ ಆಗುತ್ತೆ. ಬೆಂಗಳೂರಿನ ಎಸ್‌.ಜೆ.ಪಿ. ರಸ್ತೆಯ ಟೂಲ್ಸ್ ಅಂಗಡಿಗಳಲ್ಲಿ ಕೇಳಿ. ಬಿಳಿ ಕಲ್ಲನ್ನೂ ಅಲ್ಲೇ ವಿಚಾರಿಸಬಹುದು.

ಮಂಜುನಾಥ ಸಿ.

ಹಳೇ ಫೈಲ್ ಸಾಣೆ ಹಿಡಿದು ಉಳಿ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಫೈಲ್ ಪೂರ್ತಿ ಗಟ್ಟಿ ಹದದಲ್ಲಿರುತ್ತೆ, ಬಾಗದೆ ಮುರಿಯುತ್ತೆ. ತಿರುಗುವ ಮರಕ್ಕೆ ಸಿಕ್ಕಿದರೆ ಚೂರು ಮುಖಕ್ಕೇ ಬರುತ್ತೆ.

ಕುಲುಮೆ ಹತ್ತಿರದಲ್ಲಿದ್ದರೆ ಲಾರಿಯ ಕಮಾನು ಪಟ್ಟಿಯಿಂದ ಸ್ಕ್ಯೂ, ಸ್ಕ್ರೇಪರ್ (ಕೆರೆಯುವ ಉಳಿ) ಬಡಿಸಿಕೊಳ್ಳಿ. ದಪ್ಪ 6 ಮಿ.ಮೀ.ಗೆ ಕಡಿಮೆ ಬೇಡ, ತೆಳುವಾದರೆ ಉಳಿ ಅದುರುತ್ತೆ. ತುದಿಯ ಎರಡು ಇಂಚು ಕಾಯಿಸಿ, ಅಯಸ್ಕಾಂತ ಅಂಟದ ಹಂತ ದಾಟಿ ಇನ್ನೂ ಸ್ವಲ್ಪ ಕೆಂಪೇರಿದ ಮೇಲೆ ಎಣ್ಣೆಗೆ ಅದ್ದಬೇಕು. ನೀರಿಗೆ ಅದ್ದಿದರೆ ಈ ಸ್ಟೀಲ್ ಬಿರುಕು ಬಿಡಬಹುದು. ಅಲ್ಲಿಗೇ ಬಿಟ್ಟರೆ ಅದೂ ಫೈಲ್‌ನಂತೆಯೇ ಪೆಡಸು. ಮನೆಯ ಓವನ್‌ನಲ್ಲಿ 200 ಡಿಗ್ರಿಗೆ ಎರಡು ಗಂಟೆ ಇಟ್ಟು ಹದ ಇಳಿಸಿ, ಉಜ್ಜಿದ ಜಾಗ ತಿಳಿ ಹಳದಿಗೆ ತಿರುಗಬೇಕು. ಇದು ಎಚ್‌ಎಸ್‌ಎಸ್ ಅಲ್ಲ, ಸಾಣೆ ಹಿಡಿಯುವಾಗ ಆಗಾಗ ನೀರಿಗೆ ಅದ್ದುತ್ತಿರಿ.

ಹಿಡಿ ಬೇರೆ ಕೊಳ್ಳಬೇಡಿ, ಅದೇ ನಿಮ್ಮ ಮೊದಲ ಪಾಠವಾಗಲಿ. 12 ಇಂಚು ಉದ್ದ, ಬಾಯಿಗೆ ಅರ್ಧ ಇಂಚಿನ ತಾಮ್ರದ ಪೈಪಿನ ತುಂಡನ್ನು ಬಳೆಯಾಗಿ ಬಿಗಿಯಾಗಿ ಕೂರಿಸಿ. ಬಳೆ ಇಲ್ಲದಿದ್ದರೆ ಹಿಡಿ ಸೀಳುತ್ತೆ.

ಬುಗುರಿಗೆ ಹಾಲೆ ಮರ ಸಿಕ್ಕರೆ ಬಿಡಬೇಡಿ. ಚನ್ನಪಟ್ಟಣದ ಆಟಿಕೆಗಳು ಅದರಲ್ಲೇ ಆಗುವುದು: ಬಿಳಿ, ಒತ್ತು ನಾರು, ಹರಿತ ಉಳಿಗೆ ಬೆಣ್ಣೆ. ಅರಗಿನ ಬಣ್ಣ ಹಾಕುವುದಾದರೆ ಮರ ಪೂರ್ತಿ ಒಣಗಿರಲಿ. ಅರಗಿನ ಕಡ್ಡಿ ತಿರುಗುವ ಮರಕ್ಕೆ ಒತ್ತಿದ ಬಿಸಿಗೇ ಕರಗಿ ಅಂಟುವುದು, ಹಸಿ ಮರವಾದರೆ ಆಮೇಲೆ ಏಳುತ್ತೆ. ಕಾರ್ಬೈಡ್ ಕಿತ್ತ ನಾರಿನ ಮೇಲೆ ಬಣ್ಣ ಕಲೆಕಲೆಯಾಗಿ ಕಾಣುತ್ತೆ, ಹಾಗಾಗಿ ನನ್ನ ಓಟು ಸ್ಕ್ಯೂಗೆ. ಸಿಲ್ವರ್ ಓಕ್ ಪುಡಿ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ತುಂಬುತೋಳು ಮತ್ತು ಎನ್95 ಮಾಸ್ಕ್ ಇರಲಿ. ತೋಳು ಮಣಿಕಟ್ಟಿಗೆ ಬಿಗಿಯಾಗಿರಬೇಕು. ಕೈಗವಸು ಮಾತ್ರ ಖಂಡಿತ ಬೇಡ.

ನವೀನ್, ತುಮಕೂರು

ತುಂಬಾ ಉಪಕಾರವಾಯಿತು. ಗ್ರೈಂಡರ್, ಬಿಳಿ ಕಲ್ಲು, ನಾಲ್ಕು ಉಳಿ ಅಂತ ತೀರ್ಮಾನ ಮಾಡಿದೆ. ಮುಂದೆ ಬಟ್ಟಲಿಗೂ ಇದೇ ರಫಿಂಗ್ ಗೌಜ್ ಆಗುತ್ತಲ್ಲವೇ? ಲಟ್ಟಣಿಗೆಗೆ ವೇಗ ಎಷ್ಟಿಡಲಿ?

ಸುಧೀಂದ್ರ

ಬಟ್ಟಲಿಗೆ ರಫಿಂಗ್ ಗೌಜ್ ಯಾವ ಕಾರಣಕ್ಕೂ ಬೇಡ. ಅದು ಹಿಡಿಯೊಳಗೆ ಹೋಗುವ ಕಡೆ ತೆಳು ಪಟ್ಟಿ ಇರುತ್ತೆ. ಬಟ್ಟಲಿನಲ್ಲಿ ಪ್ರತಿ ಸುತ್ತಿಗೂ ಎರಡು ಸಲ ನಾರಿನ ಕಡಿತುದಿ ಎದುರಾಗುತ್ತೆ, ಆ ಹೊಡೆತಕ್ಕೆ ಪಟ್ಟಿ ಮುರಿದು ಉಳಿ ಹಾರುತ್ತೆ. ಆಗ ದುಂಡು ಸರಳಿನಿಂದಲೇ ಮಾಡಿದ 3 ಅಥವಾ 4 ಸೂತ್‌ನ ಬೌಲ್ ಗೌಜ್ ಒಂದು ಕೊಂಡರಾಯಿತು.

ಲಟ್ಟಣಿಗೆಗೆ 2 ಇಂಚಿನ ಚೌಕ ತುಂಡಿನ ನಾಲ್ಕು ಮೂಲೆಯನ್ನೂ ಮೊದಲು ಕೀಸುಳಿಯಿಂದ ಹೆರೆದು ಎಂಟು ಮೂಲೆ ಮಾಡಿ. ಗುಂಡಗಾಗುವವರೆಗೆ ನಿಮಿಷಕ್ಕೆ 1,000 ಸುತ್ತಿನ ಹತ್ತಿರ, ಆಮೇಲೆ 1,500ರಿಂದ 2,000. ಟೂಲ್ ರೆಸ್ಟ್ (ಲೇತ್‌ನಲ್ಲಿ ಉಳಿ ಆನಿಸುವ ಪಟ್ಟಿ) ಮರದಿಂದ ಕಾಲಿಂಚು ದೂರವಿಟ್ಟು, ಆನ್ ಮಾಡುವ ಮುಂಚೆ ಕೈಯಿಂದ ಒಂದು ಸುತ್ತು ತಿರುಗಿಸಿ ನೋಡಿ. ಉಳಿಯ ಓರೆಯ ಹಿಮ್ಮಡಿ ಮೊದಲು ಮರಕ್ಕೆ ತಾಗಲಿ, ಆಮೇಲೆ ಹಿಡಿಯನ್ನು ಮೆಲ್ಲಗೆ ಮೇಲೆತ್ತುತ್ತಾ ಹೋಗಿ, ಸಿಪ್ಪೆ ಏಳಲು ಶುರುವಾದ ಕಡೆ ಕೈ ನಿಲ್ಲಿಸಿ. ಪುಡಿ ಉದುರಿದರೆ ಮತ್ತೆ ಸಾಣೆಗೆ ಹೋಗಿ.